ಲ್ಯಾಪ್‌ಟಾಪ್ ಆನ್ ಇದೆ, ಸ್ಕ್ರೀನ್ ಮಾತ್ರ ಕತ್ತಲು: ಪ್ಯಾನೆಲ್ ಕೊಳ್ಳುವ ಮುಂಚಿನ ತಪಾಸಣೆ

ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದಾಗೆಲ್ಲ ಅದರ ಪುಟ್ಟ ದೀಪ ಹತ್ತಿ ಆರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್ ಎಂದಿನಂತೆ ಸದ್ದು ಮಾಡುತ್ತದೆ. ಸ್ಕ್ರೀನ್ ಮಾತ್ರ ಕಪ್ಪು. ರಿಪೇರಿ ಮೇಜಿಗೆ ಬಂದದ್ದು 15.6 ಇಂಚಿನ, ಫುಲ್ ಎಚ್‌ಡಿ, ಟಚ್ ಇಲ್ಲದ ಸಾಮಾನ್ಯ ಲ್ಯಾಪ್‌ಟಾಪ್. ಅದರ ಜೊತೆಗೇ ಬಂದ ತೀರ್ಪು: 'ಡಿಸ್ಪ್ಲೇ ಹೋಗಿದೆಯಂತೆ, ಹೊಸದು ಹಾಕಿಸಬೇಕಂತೆ.'

ಪ್ಯಾನೆಲ್ ನಿಜಕ್ಕೂ ಕೆಟ್ಟಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಪ್ಯಾನೆಲ್‌ದು ಸಾವಿರಗಳ ಲೆಕ್ಕ, ಕೇಬಲ್‌ದು ನೂರುಗಳ ಲೆಕ್ಕ, ಸೆಟ್ಟಿಂಗ್ ಸರಿಪಡಿಸಲು ಕಾಸೂ ಬೇಡ. ಹಾಗಾಗಿ ಪ್ಯಾನೆಲನ್ನು ಕೊನೆಯ ಆರೋಪಿಯಾಗಿ ಇಟ್ಟುಕೊಂಡೇ ಹೊರಡುವುದು ಲಾಭ. ಸ್ಕ್ರೂ ಡ್ರೈವರ್ ಮುಟ್ಟುವ ಮೊದಲೇ ಅರ್ಧಕ್ಕಿಂತ ಹೆಚ್ಚು ವಿಷಯ ತಿಳಿಯುತ್ತದೆ, ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಗೊತ್ತಿದ್ದರೆ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಸ್ಕ್ರೀನಿಗೆ ಹೋಗುವುದು ಒಂದೇ 'ಕರೆಂಟ್' ಅಲ್ಲ, ಮೂರು ಬೇರೆ ಬೇರೆ ಸರಬರಾಜು. ಪ್ಯಾನೆಲಿನ ಎಲೆಕ್ಟ್ರಾನಿಕ್ಸಿಗೆ 3.3 ವೋಲ್ಟ್. ಚಿತ್ರದ ಡೇಟಾಕ್ಕೆ ಜೋಡಿ ಜೋಡಿ ತಂತಿ. ಹಿಂದಿನ ಎಲ್‌ಇಡಿ ಸಾಲು ಬೆಳಗಲು, ಅಂದರೆ ಬ್ಯಾಕ್‌ಲೈಟಿಗೆ, ಹೆಚ್ಚು ವೋಲ್ಟೇಜಿನ ಇನ್ನೊಂದು ಸಾಲು. ಅದರೊಂದಿಗೆ 'ಹತ್ತು' ಎನ್ನುವ ಎನೇಬಲ್ ತಂತಿ, 'ಇಷ್ಟು ಬೆಳಗು' ಎನ್ನುವ ಪಿಡಬ್ಲ್ಯೂಎಮ್ ತಂತಿ. ಈ ಮೂರರಲ್ಲಿ ಯಾವುದು ನಿಂತರೂ ನೋಡುವವರಿಗೆ ಸ್ಕ್ರೀನ್ ಸಾಮಾನ್ಯವಾಗಿ ಕಪ್ಪೇ. ಯಾವುದು ನಿಂತಿದೆ ಎಂದು ಪತ್ತೆ ಮಾಡುವುದೇ ಇಡೀ ಕೆಲಸ.

ಬಿಚ್ಚುವ ಮುನ್ನ

ಯಂತ್ರ ನಿಜಕ್ಕೂ ಬೂಟ್ ಆಗಿದೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಕ್ಯಾಪ್ಸ್ ಲಾಕ್ ದೀಪ ಕೀಗೆ ಸ್ಪಂದಿಸಿದರೆ ಪ್ರೊಸೆಸರ್ ಎದ್ದಿದೆ ಎಂದೇ ಲೆಕ್ಕ. ಸ್ಪಂದಿಸದಿದ್ದರೆ ಇದು ಸ್ಕ್ರೀನಿನ ಕೇಸೇ ಅಲ್ಲ. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಒರೆಸಿ, ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡುವ ಬೇರೆಯೇ ದಾರಿ. ಹಲವು ಡೆಲ್ ಮಾದರಿಗಳು ಈ ವಿಷಯವನ್ನು ದೀಪದ ಮಿಣುಕಿನಲ್ಲೇ ಹೇಳಿಬಿಡುತ್ತವೆ: ಕೇಸರಿ ಎರಡು ಸಲ, ಬಿಳಿ ಏಳು ಸಲ ಮಿಣುಕಿದರೆ ಎಲ್‌ಸಿಡಿ ತೊಂದರೆ; ಕೇಸರಿ ಎರಡು, ಬಿಳಿ ಎಂಟು ಆದರೆ ಎಲ್‌ಸಿಡಿಗೆ ಹೋಗುವ ವಿದ್ಯುತ್ತಿನ ತೊಂದರೆ; ಕೇಸರಿ ಎರಡು, ಬಿಳಿ ಮೂರು ಆದರೆ ರ‍್ಯಾಮೇ ಸಿಕ್ಕಿಲ್ಲ.

ಆಮೇಲೆ ಹೊರಗಿನ ಮಾನಿಟರ್. ಮಾನಿಟರೇ ಬೇಕೆಂದಿಲ್ಲ, ಮನೆಯ ಟಿವಿ ಸಾಕು. ಲ್ಯಾಪ್‌ಟಾಪ್ ಪೂರ್ತಿ ಆಫ್ ಇರುವಾಗ ಎಚ್‌ಡಿಎಮ್‌ಐ ಕೇಬಲ್ ಚುಚ್ಚಿ, ಟಿವಿಯಲ್ಲಿ ಸರಿಯಾದ ಇನ್‌ಪುಟ್ ಆರಿಸಿ, ನಂತರ ಲ್ಯಾಪ್‌ಟಾಪ್ ಆನ್ ಮಾಡುವುದು. ವಿಂಡೋಸ್ ಬರುವಷ್ಟು ಹೊತ್ತು ಕಾದರೂ ಟಿವಿಯಲ್ಲಿ ಏನೂ ಬಾರದಿದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎರಡು ಸೆಕೆಂಡು ಬಿಟ್ಟು ಕೆಳಬಾಣದ ಕೀ ಒಮ್ಮೆ, ಎಂಟರ್ ಒಮ್ಮೆ. ಕುರುಡಾಗಿ ಮಾಡಬೇಕಾದ ಕೆಲಸವಾದ್ದರಿಂದ ಒಂದೆರಡು ಸಲ ಪ್ರಯತ್ನಿಸಬೇಕಾಗಬಹುದು. ಇದೇ ಮೆನುವಿನಲ್ಲಿ 'ಸೆಕೆಂಡ್ ಸ್ಕ್ರೀನ್ ಓನ್ಲಿ' ಎಂಬ ಆಯ್ಕೆಯೂ ಇದೆ. ಪ್ರೊಜೆಕ್ಟರ್ ಬಳಸುವಾಗ ಅದನ್ನು ಆರಿಸಿದವರಿಗೆ ಆಮೇಲೆ ಒಳಗಿನ ಸ್ಕ್ರೀನ್ ಕಪ್ಪಾಗಿ ಕಂಡು ಗಾಬರಿಯಾಗುವುದುಂಟು.

ಈ ಯಂತ್ರದ ಚಿತ್ರ ಟಿವಿಯಲ್ಲಿ ಸ್ಪಷ್ಟವಾಗಿ ಬಂತು. ಬಂದ ಕೂಡಲೇ ಮಾಡಬೇಕಾದ ಕೆಲಸ ತಪಾಸಣೆಯಲ್ಲ, ಬ್ಯಾಕಪ್. ಮುಂದೆ ಬ್ಯಾಟರಿ ಕಳಚುವುದಿದೆ, ಕನೆಕ್ಟರ್ ಎಳೆಯುವುದಿದೆ. ಮುಖ್ಯ ಫೈಲುಗಳು ಹೊರಗಿನ ಡಿಸ್ಕಿಗೆ ಹೋಗಿಬಿಟ್ಟರೆ ಕೈ ನಡುಗದೆ ಕೆಲಸ ಮಾಡಬಹುದು.

ಇಲ್ಲೊಂದು ಎಚ್ಚರ. 'ಟಿವಿಯಲ್ಲಿ ಬಂತು, ಅಂದಮೇಲೆ ಮದರ್‌ಬೋರ್ಡ್ ಸರಿಯಿದೆ' ಎನ್ನುವುದು ಪೂರ್ತಿ ನಿಜವಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಅನೇಕ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಮ್‌ಐ ಪೋರ್ಟ್ ಎನ್‌ವಿಡಿಯಾ ಚಿಪ್ಪಿಗೆ ಸೇರಿರುತ್ತದೆ, ಒಳಗಿನ ಸ್ಕ್ರೀನ್ ಪ್ರೊಸೆಸರಿನ ಗ್ರಾಫಿಕ್ಸಿಗೆ. ಎರಡೂ ಬೇರೆ ದಾರಿ. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿರಬೇಕೆಂದಿಲ್ಲ. ಮದರ್‌ಬೋರ್ಡಿನಲ್ಲಿ ಸ್ಕ್ರೀನಿಗೆಂದೇ ಇರುವ ಫ್ಯೂಸ್ ಸುಟ್ಟಿದ್ದರೂ ಎಚ್‌ಡಿಎಮ್‌ಐ ಆರಾಮಾಗಿ ನಡೆಯುತ್ತಿರುತ್ತದೆ.

ಟಿವಿಯಲ್ಲಿ ಚಿತ್ರ ಬಂದಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ತಪಾಸಣೆ ಇದೆ, ನಮ್ಮ ಲೆಕ್ಕದಲ್ಲಿ ಬಿಚ್ಚುವ ಮುಂಚಿನ ಅತ್ಯಂತ ಬೆಲೆಬಾಳುವ ತಪಾಸಣೆ ಅದೇ. ಮೊದಲು ವಿಂಡೋಸ್ ಕೀ ಮತ್ತು ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ. ಬಳಿಕ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್ಪ್ಲೇ. ಒಳಗಿನ ಸ್ಕ್ರೀನ್ ಅಲ್ಲಿ ಪಟ್ಟಿಯಾಗಿದೆಯೇ? ನಮ್ಮಲ್ಲಿ ಇತ್ತು, 1920×1080, 60 ಹರ್ಟ್ಸ್ ಎಂದೂ ತೋರಿಸುತ್ತಿತ್ತು. ಪ್ಯಾನೆಲ್ ತನ್ನ ಗುರುತಿನ ವಿವರವನ್ನು, ಅಂದರೆ ಇಡಿಐಡಿಯನ್ನು, ಆಕ್ಸ್ ಎಂಬ ಪ್ರತ್ಯೇಕ ಜೋಡಿ ತಂತಿಯ ಮೂಲಕ ಕೊಡುತ್ತದೆ. ಆ ವಿವರ ಬಂದಿದೆ ಎಂದರೆ ಪ್ಯಾನೆಲಿಗೆ 3.3 ವೋಲ್ಟ್ ತಲುಪುತ್ತಿದೆ, ಅದರ ಕಂಟ್ರೋಲರ್ ಬದುಕಿದೆ, ಕೇಬಲ್ ಕನಿಷ್ಠ ಭಾಗಶಃ ಸರಿಯಿದೆ. ಪಟ್ಟಿಯಲ್ಲಿ ಒಳಗಿನ ಸ್ಕ್ರೀನಿನ ಸುಳಿವೇ ಇಲ್ಲದಿದ್ದರೆ ಕಥೆ ಬೇರೆ: ಕೇಬಲ್ ಕಳಚಿರಬೇಕು, ಇಲ್ಲ 3.3 ವೋಲ್ಟ್ ನಿಂತಿರಬೇಕು, ಇಲ್ಲ ಪ್ಯಾನೆಲಿನ ಬೋರ್ಡೇ ಸತ್ತಿರಬೇಕು. ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ಎಕ್ಸ್‌ರ‍್ಯಾಂಡರ್ ಓಡಿಸಿದರೆ ಒಳಗಿನ ಸ್ಕ್ರೀನನ್ನು ಸೂಚಿಸುವ ಇಡಿಪಿ ಎಂಬ ಸಾಲಿನ ಮುಂದೆ 'ಕನೆಕ್ಟೆಡ್' ಅಥವಾ 'ಡಿಸ್ಕನೆಕ್ಟೆಡ್' ಎಂದು ಇದೇ ಉತ್ತರ ಸಿಗುತ್ತದೆ.

ಇನ್ನು ಟಾರ್ಚ್. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ತೀರ ಹತ್ತಿರ, ಓರೆಯಾಗಿ ಹಿಡಿದು ನೋಡಬೇಕು. ನೇರ ಹಿಡಿದರೆ ಬರೀ ಪ್ರತಿಫಲನ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇರುವ ಚಿತ್ರ ಇದ್ದರೆ ಸುಲಭವಾಗಿ ಕಾಣುತ್ತದೆ. ಈ ಯಂತ್ರದಲ್ಲಿ ಮಸುಕಾಗಿ ಐಕಾನುಗಳ ಸಾಲು, ಕೆಳಗೆ ಟಾಸ್ಕ್‌ಬಾರ್ ಕಂಡಿತು. ಅಲ್ಲಿಗೆ ಡೇಟಾ ಸರಿ, ಪ್ಯಾನೆಲಿನಲ್ಲಿ ಚಿತ್ರ ಮೂಡಿಸುವ ಭಾಗ ಸರಿ, ಬ್ಯಾಕ್‌ಲೈಟ್ ಮಾತ್ರ ಇಲ್ಲ ಎಂಬುದು ಇತ್ಯರ್ಥವಾಯಿತು. ಒಎಲ್‌ಇಡಿ ಸ್ಕ್ರೀನಿನಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ, ಅದರಲ್ಲಿ ಬ್ಯಾಕ್‌ಲೈಟೇ ಇರುವುದಿಲ್ಲ.

ಬೇರೆ ಲಕ್ಷಣಗಳಿದ್ದರೆ ದಾರಿ ಇಲ್ಲೇ ಕವಲೊಡೆಯುತ್ತದೆ. ಸ್ಕ್ರೀನ್ ಪೂರ್ತಿ ಬೆಳ್ಳಗೆ ಬೆಳಗುತ್ತಿದ್ದು ಚಿತ್ರ ಇಲ್ಲದಿದ್ದರೆ ಬ್ಯಾಕ್‌ಲೈಟ್ ಸರಿ, ಕೇಬಲಿನ ಡೇಟಾ ಭಾಗವೋ ಪ್ಯಾನೆಲಿನ ಬೋರ್ಡೋ ಕೈಕೊಟ್ಟಿದೆ. ಬಣ್ಣ ಕೆಟ್ಟು ಚುಕ್ಕೆ ಚುಕ್ಕೆ ಹಾರಾಡಿದರೆ ಬಹುಮಟ್ಟಿಗೆ ಕೇಬಲ್. ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೆರೆ, ಅಥವಾ ಒಂದು ಪಟ್ಟಿ ಮಾತ್ರ ಸತ್ತಿದ್ದರೆ ಗಾಜಿನ ಅಂಚಿಗೆ ಅಂಟಿಸಿದ ಡ್ರೈವರ್ ಪಟ್ಟಿಯ ಬೆಸುಗೆ ಬಿಟ್ಟಿದೆ. ಅಂಚಿನ ಮೇಲೆ ಒತ್ತಿದಾಗ ಗೆರೆ ಬಂದು ಹೋಗಿ ಮಾಡಿದರೆ ಸಂಶಯವೇ ಬೇಡ. ಅದು ಮೇಜಿನ ಮೇಲೆ ರಿಪೇರಿಯಾಗುವಂಥದ್ದಲ್ಲ, ಪ್ಯಾನೆಲನ್ನೇ ಬದಲಾಯಿಸಬೇಕು. ಕಂಪನಿಯ ಲೋಗೊ ಚೆನ್ನಾಗಿ ಕಂಡು, ವಿಂಡೋಸ್ ಬರುವ ಹೊತ್ತಿಗೆ ಕಪ್ಪಾದರೆ ಹಾರ್ಡ್‌ವೇರನ್ನು ಮುಟ್ಟಲೇಬಾರದು. ಅದು ಬಹುಮಟ್ಟಿಗೆ ಡ್ರೈವರ್ ಎಂಬ ಸಾಫ್ಟ್‌ವೇರಿನ ತೊಂದರೆ: ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಟಿವಿಗೆ ಜೋಡಿಸಿ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಬೇಕು. ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಸ್ಕ್ರೀನ್ ಬಂದರೆ ತಪ್ಪು ವಿಂಡೋಸ್ ಕಡೆಯದೇ.

ನಮ್ಮ ಯಂತ್ರದಲ್ಲಿ ಲೋಗೊ ಬರುವಾಗಲೇ ಕತ್ತಲು. ಹಾಗಾಗಿ ಡ್ರೈವರ್ ಪಾರಾಯಿತು. ಬ್ಯಾಕ್‌ಲೈಟ್ ಹತ್ತದಿರಲು ಪುಕ್ಕಟೆ ಕಾರಣಗಳು ಮೂರು ಉಳಿದವು.

ಒಂದು, ಬ್ಯಾಕ್‌ಲೈಟ್ ಆರಿಸುವ ಕೀ. ಹಲವು ಏಸರ್ ಮಾದರಿಗಳಲ್ಲಿ ಎಫ್‌ಎನ್ ಮತ್ತು ಎಫ್6, ಹಲವು ಆಸುಸ್ ಮಾದರಿಗಳಲ್ಲಿ ಎಫ್‌ಎನ್ ಮತ್ತು ಎಫ್7 ಒತ್ತಿದರೆ ಸ್ಕ್ರೀನ್ ಆರುತ್ತದೆ. ಧೂಳು ಒರೆಸುವಾಗ ಒತ್ತಿಹೋದರೂ ಸಾಕು.

ಎರಡು, ಉಳಿದ ಚಾರ್ಜು. ಚಾರ್ಜರ್ ಕಿತ್ತು, ತೆಗೆಯಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡುವುದು. ಬ್ಯಾಟರಿ ಒಳಗೇ ಇರುವ ಅನೇಕ ಥಿಂಕ್‌ಪ್ಯಾಡುಗಳ ತಳದಲ್ಲಿ ಇದಕ್ಕೆಂದೇ ಒಂದು ಸೂಜಿರಂಧ್ರವಿದೆ. ಚಾರ್ಜರ್ ತೆಗೆದು ಪೇಪರ್ ಕ್ಲಿಪ್ಪಿನಿಂದ ಒತ್ತಬೇಕು.

ಮೂರು, ಮುಚ್ಚಳದ ಸೆನ್ಸರ್. ಸ್ಕ್ರೀನಿನ ಚೌಕಟ್ಟಿನಲ್ಲಿ ಪುಟ್ಟ ಅಯಸ್ಕಾಂತ, ಕೀಬೋರ್ಡಿನ ಭಾಗದಲ್ಲಿ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ಎರಡೂ ಹತ್ತಿರವಾದರೆ ಮುಚ್ಚಳ ಮುಚ್ಚಿದೆ ಎಂದು ಅರ್ಥ. ಮುಚ್ಚಳ ತೆರೆದೇ ಇದ್ದರೂ ಬೇರೆ ಅಯಸ್ಕಾಂತ ಅಲ್ಲಿಗೆ ಬಂದರೆ ಸ್ಕ್ರೀನ್ ಆರುತ್ತದೆ: ಅಯಸ್ಕಾಂತದ ವಾಚ್ ಪಟ್ಟಿ, ಫೋನಿನ ಫ್ಲಿಪ್ ಕವರ್, ಕೆಳಗಿಟ್ಟ ಇನ್ನೊಂದು ಲ್ಯಾಪ್‌ಟಾಪ್. ಮುಚ್ಚಳ ಮುಚ್ಚಿದಾಗ 'ಏನೂ ಮಾಡಬೇಡ' ಎಂದು ವಿಂಡೋಸಿಗೆ ಹೇಳಿದರೂ ಎಷ್ಟೋ ಬೋರ್ಡುಗಳಲ್ಲಿ ಸೆನ್ಸರಿನ ಸಂಕೇತ ನೇರವಾಗಿ ಬ್ಯಾಕ್‌ಲೈಟ್ ಎನೇಬಲ್ ತಂತಿಯನ್ನೇ ತಡೆಯುತ್ತದೆ. ವಿಂಡೋಸಿನ ಮಾತು ಅಲ್ಲಿ ನಡೆಯುವುದಿಲ್ಲ. ಮೇಜು ಖಾಲಿ ಮಾಡಿ, ಕೈಯ ವಾಚ್ ತೆಗೆದು ನೋಡಿದ್ದಾಯಿತು. ಸ್ಕ್ರೀನ್ ಹಾಗೇ.

ಡೆಲ್ ಆಗಿದ್ದರೆ ಇನ್ನೊಂದು ಒಳ್ಳೆಯ ಸೌಕರ್ಯವಿದೆ: ಡಿ ಕೀ ಒತ್ತಿ ಹಿಡಿದು ಪವರ್ ಒತ್ತಿದರೆ ಪ್ಯಾನೆಲ್ ತನ್ನಷ್ಟಕ್ಕೆ ತಾನೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣ ತೋರಿಸುತ್ತದೆ. ಬಣ್ಣ ಬಂದರೆ ಪ್ಯಾನೆಲ್ ಗಟ್ಟಿ, ತೊಂದರೆ ಹಿಂದಿನ ಹಂತದಲ್ಲಿದೆ.

ಕೊನೆಗೆ ಹಿಂಜ್, ಅಂದರೆ ಸ್ಕ್ರೀನಿನ ಕೀಲಿನ ಪರೀಕ್ಷೆ. ಯಂತ್ರ ಆನ್ ಇರುವಾಗ ಸ್ಕ್ರೀನನ್ನು ಮುಚ್ಚುವ ಮಟ್ಟದಿಂದ ಪೂರ್ತಿ ಹಿಂದಕ್ಕೆ, ನಿಧಾನವಾಗಿ, ಎರಡೂ ಕೈಯಲ್ಲಿ ಹಿಡಿದು ಸರಿಸುವುದು. ಅರ್ಧ ಮುಚ್ಚಿದ ಒಂದು ಕೋನದಲ್ಲಿ ಬ್ಯಾಕ್‌ಲೈಟ್ ಕ್ಷಣಮಾತ್ರ ಮಿನುಗಿ ಆರಿತು. ಮತ್ತೆ ಅದೇ ಕೋನಕ್ಕೆ ತಂದಾಗ ಮತ್ತೆ ಮಿನುಗಿತು. ಅದೇ ಹೊತ್ತಿಗೆ ಟಿವಿಯಲ್ಲಿ ಕ್ಯಾಮೆರಾ ಆ್ಯಪ್ ತೆರೆದಿಟ್ಟಿದ್ದೆವು. ಆ ಕೋನ ದಾಟುವಾಗ ಕ್ಯಾಮೆರಾ ಚಿತ್ರವೂ ಕಡಿದುಹೋಗುತ್ತಿತ್ತು. ವೆಬ್‌ಕ್ಯಾಮಿನ ತಂತಿಗಳು ಬಹುತೇಕ ಯಂತ್ರಗಳಲ್ಲಿ ಸ್ಕ್ರೀನ್ ಕೇಬಲಿನ ಜೊತೆಗೇ ಹಿಂಜ್ ದಾಟುತ್ತವೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಪ್ಯಾನೆಲನ್ನು ದೂರುವುದು ಅನ್ಯಾಯ.

ಹಿಂಜ್ ಯಾಕೆ ಕೇಬಲ್ ತಿನ್ನುತ್ತದೆ

ಈಗಿನ ಸ್ಕ್ರೀನ್ ಕೇಬಲ್ ಇಡಿಪಿ ಮಾದರಿಯದು. ಅಂಗಡಿಯಲ್ಲಿ ಹಳೆಯ ಮಾದರಿಯ ಹೆಸರು ಹಿಡಿದು ಎಲ್‌ವಿಡಿಎಸ್ ಕೇಬಲ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಒಳಗಿರುವುದು ಕೂದಲಿಗಿಂತ ತುಸು ದಪ್ಪದ ಏಕಾಕ್ಷ ತಂತಿಗಳು, ಒಂದೊಂದಕ್ಕೂ ತನ್ನದೇ ಲೋಹದ ಹೊದಿಕೆ. ದಿನಕ್ಕೆ ಹತ್ತಾರು ಸಲ ಮುಚ್ಚಳ ತೆರೆದು ಮುಚ್ಚುವಾಗ ಹಿಂಜ್ ಪಕ್ಕದ ಒಂದೆರಡು ಸೆಂಟಿಮೀಟರ್ ಭಾಗ ಮಾತ್ರ ತಿರುಚಿಕೊಳ್ಳುತ್ತದೆ, ಮಿಕ್ಕ ಭಾಗ ಅಲ್ಲಾಡುವುದೇ ಇಲ್ಲ. ತಂತಿ ಕಡಿಯುವುದೂ ಅಲ್ಲೇ.

ಇದು ಅಗ್ಗದ ಯಂತ್ರಗಳ ಪಾಡು ಮಾತ್ರವಲ್ಲ. 2016ರ ವಿನ್ಯಾಸದ ಮ್ಯಾಕ್‌ಬುಕ್ ಪ್ರೊಗಳಲ್ಲಿ ಇದೇ ಜಾಗದ ಫ್ಲೆಕ್ಸ್ ಕೇಬಲ್ ಸವೆದು, ಸ್ಕ್ರೀನಿನ ಕೆಳ ಅಂಚಿನಲ್ಲಿ ನಾಟಕದ ರಂಗದೀಪಗಳಂತೆ ಬೆಳಕಿನ ತುಂಡುಗಳು ಕಾಣುತ್ತಿದ್ದವು. 2018ರ ಮಾದರಿಯ ಕೇಬಲ್ 2 ಮಿಲಿಮೀಟರ್ ಉದ್ದವಾಗಿರುವುದನ್ನು ರಿಪೇರಿ ಮಾರ್ಗದರ್ಶಿಗಳ ಜಾಲತಾಣ ಐಫಿಕ್ಸಿಟ್‌ನ ತಂಡ ಅಳೆದು ತೋರಿಸಿತು. 2019ರ ಮೇ ತಿಂಗಳಲ್ಲಿ ಆ್ಯಪಲ್ 13 ಇಂಚಿನ ಮಾದರಿಗಳಿಗೆ ಉಚಿತ ರಿಪೇರಿ ಯೋಜನೆ ಪ್ರಕಟಿಸಿತು. ಕೇಬಲ್ ಪ್ಯಾನೆಲಿಗೇ ಸೇರಿಕೊಂಡ ರಚನೆಯಾದ್ದರಿಂದ ಅಲ್ಲಿ ಬರೀ ಕೇಬಲ್ ಬದಲಾಯಿಸುವ ಭಾಗ್ಯ ಇರಲಿಲ್ಲ. ನಮ್ಮ ಮೇಜಿನ ಮೇಲಿದ್ದ ಯಂತ್ರದಲ್ಲಿ ಅದಿತ್ತು.

ಬಿಚ್ಚುವುದು

ಬೇಕಾದ ಸಾಮಾನು ಕಡಿಮೆ: ಪ್ಲಸ್ ತುದಿಯ ಪಿಎಚ್0 ಮತ್ತು ಪಿಎಚ್00 ಸ್ಕ್ರೂ ಡ್ರೈವರ್, ಪ್ಲಾಸ್ಟಿಕ್ ಪ್ರೈ ಉಪಕರಣ ಅಥವಾ ಹಳೆಯ ಎಟಿಎಂ ಕಾರ್ಡ್, ಚೂಪು ತುದಿಯ ಟ್ವೀಜರ್, ಡಿಜಿಟಲ್ ಮಲ್ಟಿಮೀಟರ್, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ (ಐಪಿಎ), ಬಿಸಿ ತಾಳುವ ತೆಳು ಕಪ್ಟಾನ್ ಟೇಪ್. ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಕವಚ ಉಬ್ಬಿ ಮೊಡವೆಯೇಳುತ್ತದೆ. ಕಾಗದದ ಮೇಲೆ ತಳದ ಚಿತ್ರ ಗೀಚಿ, ಆಯಾ ಜಾಗಕ್ಕೆ ಸ್ಕ್ರೂ ಚುಚ್ಚಿಡುವ ಹಳೆಯ ಪದ್ಧತಿ ಈಗಲೂ ಒಳ್ಳೆಯದು.

ತಳ ಬಿಚ್ಚಿದ ತಕ್ಷಣ, ಬೇರೇನನ್ನೂ ಮುಟ್ಟುವ ಮೊದಲು, ಬ್ಯಾಟರಿ ಕನೆಕ್ಟರ್ ಕಳಚಬೇಕು. ಕಳಚಿದ ಮೇಲೆ ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಇದು ಬರೀ ಮಡಿಯ ಮಾತಲ್ಲ. ಸ್ಕ್ರೀನ್ ಕನೆಕ್ಟರಿನಲ್ಲಿ ಬ್ಯಾಕ್‌ಲೈಟಿನ ಪಿನ್ನುಗಳಿಗೆ ಬ್ಯಾಟರಿಯ ವೋಲ್ಟೇಜೋ ಚಾರ್ಜರಿನ 19 ವೋಲ್ಟೋ ಬರುತ್ತದೆ, ಪಕ್ಕಪಕ್ಕದ ಪಿನ್ನುಗಳ ನಡುವೆ ಇರುವ ಅಂತರ ಅರ್ಧ ಮಿಲಿಮೀಟರ್. ಬ್ಯಾಟರಿ ಇದ್ದಂತೆಯೇ ಕೇಬಲ್ ಎಳೆದು ಓರೆಯಾಗಿ ಚುಚ್ಚಿದರೆ ಫ್ಯೂಸ್ ಹಾರುವುದು ಅದೃಷ್ಟ ಚೆನ್ನಾಗಿದ್ದಾಗ. ಇಲ್ಲವಾದರೆ ಆ ವೋಲ್ಟೇಜ್ ಡೇಟಾ ಪಿನ್ನಿನ ಮೂಲಕ ನೇರ ಪ್ರೊಸೆಸರಿಗೆ. 'ಸ್ಕ್ರೀನ್ ಹಾಕಿದ ಮೇಲೆ ಬೋರ್ಡೇ ಸತ್ತಿತು' ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಮದರ್‌ಬೋರ್ಡ್ ಕಡೆಯ ಕನೆಕ್ಟರನ್ನು ಕಳಚಿ, ಐಪಿಎಯಿಂದ ಒರೆಸಿ, ಮತ್ತೆ ಕೂರಿಸಿ ನೋಡುವುದು ಮೊದಲ ಪ್ರಯತ್ನ. ಕೆಳಗೆ ಬಿದ್ದ ಯಂತ್ರವಾದರೆ ಇಷ್ಟರಿಂದಲೇ ಸರಿಹೋಗುವುದುಂಟು. ಹಿಂಜ್ ಕೋನಕ್ಕೆ ಸ್ಪಂದಿಸುವ ಯಂತ್ರವಾದ್ದರಿಂದ ಇಲ್ಲಿ ಅದರ ಮೇಲೆ ಹೆಚ್ಚು ನಿರೀಕ್ಷೆ ಇರಲಿಲ್ಲ, ಫಲವೂ ಸಿಗಲಿಲ್ಲ.

ಬೆಜೆಲ್, ಅಂದರೆ ಸ್ಕ್ರೀನಿನ ಸುತ್ತಲಿನ ಚೌಕಟ್ಟು, ಬಿಚ್ಚುವಾಗ ಒಳ ಅಂಚಿನಿಂದ, ಸ್ಕ್ರೀನಿನ ಮೇಲ್ಭಾಗದ ಮಧ್ಯದಿಂದ ಶುರುಮಾಡಿ ಬೆರಳಿನಿಂದಲೇ ಹೊರಕ್ಕೆ ಸರಿಸಿದರೆ ಕ್ಲಿಪ್ಪುಗಳು ಒಂದೊಂದಾಗಿ ಬಿಡುತ್ತವೆ. ರಬ್ಬರ್ ಬಿಲ್ಲೆಗಳ ಕೆಳಗೆ ಸ್ಕ್ರೂ ಇದೆಯೇ ನೋಡಿಕೊಳ್ಳಬೇಕು. ಕೆಳ ಅಂಚಿನಲ್ಲಿ ಹೆಚ್ಚಾಗಿ ಡಬಲ್ ಟೇಪ್ ಇರುತ್ತದೆ. ಲೋಹದ ಉಪಕರಣ ಆಳಕ್ಕೆ ತೂರಿಸಿದರೆ ಅಲ್ಲೇ ಕೂತಿರುವ ಪ್ಯಾನೆಲಿನ ಬೋರ್ಡಿಗೆ ಗಾಯ. ಹಳೆಯ ಮಾದರಿಗಳಲ್ಲಿ ಪ್ಯಾನೆಲನ್ನು ನಾಲ್ಕು ಮೂಲೆಯ ಸ್ಕ್ರೂಗಳು ಹಿಡಿದಿರುತ್ತವೆ. ಹೊಸ ತೆಳು ಮಾದರಿಗಳಲ್ಲಿ ಸ್ಕ್ರೂ ಇಲ್ಲ, ಎರಡು ಬದಿಯಲ್ಲಿ ಎಳೆದರೆ ಹಿಗ್ಗುವ ಅಂಟುಪಟ್ಟಿ. ಅದರ ತುದಿಯನ್ನು ಟ್ವೀಜರಿನಲ್ಲಿ ಹಿಡಿದು, ಪ್ಯಾನೆಲಿಗೆ ಸಮಾನಾಂತರವಾಗಿ, ಒಂದೇ ಸಮ ಎಳೆಯಬೇಕು. ಮೇಲಕ್ಕೆ ಎಳೆದರೆ ಕಡಿಯುತ್ತದೆ. ಕಡಿದರೆ ಹೇರ್ ಡ್ರೈಯರಿನ ಹದವಾದ ಬಿಸಿ, ಹಲ್ಲಿನ ಫ್ಲಾಸ್ ದಾರ, ತಾಳ್ಮೆ.

ಪ್ಯಾನೆಲನ್ನು ಕೀಬೋರ್ಡಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಬೋರಲು ಮಲಗಿಸಿದರೆ ಹಿಂಬದಿಯ ಕನೆಕ್ಟರ್ ಕಾಣುತ್ತದೆ. ಮೇಲಿನ ಪಾರದರ್ಶಕ ಟೇಪ್ ಬಿಡಿಸಿ, ಲೋಹದ ಸಣ್ಣ ಬೀಗ ಇದ್ದರೆ ಎತ್ತಿ, ಪ್ಲಗ್ಗನ್ನು ಬೋರ್ಡಿಗೆ ಸಮಾನಾಂತರವಾಗಿ ಜಾರಿಸಬೇಕು. ಮೇಲಕ್ಕೆ ಕೀಳುವಂಥದ್ದಲ್ಲ.

ಮೀಟರ್ ಹೇಳಿದ್ದು

30 ಪಿನ್ನಿನ ಇಡಿಪಿ ಪ್ಯಾನೆಲುಗಳಲ್ಲಿ ಪಿನ್ನುಗಳ ಕ್ರಮ ಬಹುತೇಕ ಒಂದೇ. 3-4 ಮತ್ತು 6-7 ಡೇಟಾದ ಎರಡು ಜೋಡಿ, 9-10 ಆಕ್ಸ್, 12-13 ಪ್ಯಾನೆಲಿನ 3.3 ವೋಲ್ಟ್, 17 ಪ್ಯಾನೆಲ್ ಜೋಡಣೆಯಾಗಿದೆ ಎಂದು ತಿಳಿಸುವ ಹಾಟ್ ಪ್ಲಗ್ ಸಂಕೇತ, 18ರಿಂದ 21 ಬ್ಯಾಕ್‌ಲೈಟ್ ಗ್ರೌಂಡ್, 22 ಎನೇಬಲ್, 23 ಪಿಡಬ್ಲ್ಯೂಎಮ್, 26ರಿಂದ 29 ಬ್ಯಾಕ್‌ಲೈಟ್ ವಿದ್ಯುತ್. ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ: ವಿದ್ಯುತ್ತಿಗೆ ನಾಲ್ಕು ಪಿನ್, ಗ್ರೌಂಡಿಗೂ ನಾಲ್ಕು. ಒಂದು ಕಡಿದರೆ ಉಳಿದವು ಹೊರೆ ಹೊರುತ್ತವೆ. ಎನೇಬಲ್ಲಿಗೆ ಇರುವುದು ಒಂದೇ ಪಿನ್. ಅದು ಕಡಿದರೆ 19 ವೋಲ್ಟ್ ಬಾಗಿಲಲ್ಲಿ ನಿಂತಿದ್ದರೂ ದೀಪ ಹತ್ತದು.

ಮೊದಲು ನೋಡಿದ್ದು ಫ್ಯೂಸ್. ಮದರ್‌ಬೋರ್ಡಿನಲ್ಲಿ ಸ್ಕ್ರೀನ್ ಕನೆಕ್ಟರಿನ ಹತ್ತಿರ, ಎಫ್ ಅಥವಾ ಪಿಎಫ್ ಎಂದು ಶುರುವಾಗುವ ಸಂಖ್ಯೆಯ ಪಕ್ಕದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಭಾಗ. ಬ್ಯಾಟರಿ, ಚಾರ್ಜರ್ ಎರಡೂ ಇಲ್ಲದೆ ಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಎರಡೂ ತುದಿಗೆ ಮುಟ್ಟಿಸಿದರೆ ಸದ್ದು ಬರಬೇಕು. ಬಂತು. ಬಾರದಿದ್ದರೆ ಫ್ಯೂಸ್ ಬದಲಾಯಿಸುವ ಮುನ್ನ ಸ್ಕ್ರೀನ್ ಕಡೆಯ ತುದಿಯಿಂದ ಗ್ರೌಂಡಿಗೆ ಶಾರ್ಟ್ ಇದೆಯೇ ನೋಡಲೇಬೇಕು. ಫ್ಯೂಸ್ ಸುಮ್ಮನೆ ಹಾರುವುದಿಲ್ಲ. ಅದರ ಜಾಗಕ್ಕೆ ತಂತಿ ತುಂಡು ಬೆಸೆಯುವ ಚಾಳಿ ಕೆಲವರಿಗಿದೆ. ಕಡಿದ ಕೇಬಲ್ ಒಳಗೇ ತಗುಲುತ್ತಿದ್ದರೆ ಮುಂದಿನ ಸಲ ಸುಡುವುದು ಬೋರ್ಡಿನ ತಾಮ್ರದ ಗೆರೆ.

ಆಮೇಲೆ ಕೇಬಲ್. ಯಂತ್ರ ಆನ್ ಇಟ್ಟು ಕನೆಕ್ಟರಿನ ಮೇಲೆ ಮೀಟರ್ ಮೊನೆ ಊರುವ ಸಾಹಸ ನಾವು ಮಾಡುವುದಿಲ್ಲ, ಮೊನೆ ಜಾರಿದರೆ ಮುಗಿಯಿತು. ಕೇಬಲನ್ನು ಪೂರ್ತಿ ಹೊರತೆಗೆದು ಮೇಜಿನ ಮೇಲೆ ಹರಡಿ ನೋಡುವುದೇ ಕ್ಷೇಮ. ಮೀಟರಿನ ಮೊನೆ ಇಷ್ಟು ಚಿಕ್ಕ ಪಿನ್ನಿಗೆ ದಪ್ಪವಾಯಿತು. ತೆಳು ಹೊಲಿಗೆ ಸೂಜಿಯನ್ನು ತಾಮ್ರದ ತಂತಿಯಿಂದ ಮೊನೆಗೆ ಸುತ್ತಿ ಕಟ್ಟಿದರೆ ಸರಿಹೋಗುತ್ತದೆ.

ಮೇಲಿನ ಪಿನ್ ಸಂಖ್ಯೆಗಳು ಪ್ಯಾನೆಲ್ ಕಡೆಯ ತುದಿಗೆ ಮಾತ್ರ ಅನ್ವಯ. ಮದರ್‌ಬೋರ್ಡ್ ಕಡೆಯ ಪ್ಲಗ್ ಕಂಪನಿಗೊಂದು ಥರ, ಕ್ರಮವೂ ಬೇರೆ. ಹಾಗಾಗಿ ಸೂಜಿಯನ್ನು ಪ್ಯಾನೆಲ್ ಕಡೆಯ 22ನೇ ಪಿನ್ನಿನಲ್ಲಿ ಊರಿ, ಇನ್ನೊಂದನ್ನು ಆ ಕಡೆಯ ಪಿನ್ನುಗಳ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಬೀಪ್ ಬರಬೇಕು. ಗ್ರೌಂಡ್ ಪಿನ್ನುಗಳೆಲ್ಲ ತಮ್ಮತಮ್ಮಲ್ಲಿ, ಹೊರ ಲೋಹದೊಂದಿಗೆ ಬೀಪ್ ಕೊಡುತ್ತವೆ, ಅದು ಸಹಜ. 26ರಿಂದ 29 ಗ್ರೌಂಡಿನೊಂದಿಗೆ ಬೀಪ್ ಕೊಟ್ಟರೆ ಶಾರ್ಟ್.

22ಕ್ಕೆ ಕೇಬಲ್ ನೆಟ್ಟಗಿದ್ದಾಗ ಎಲ್ಲೂ ಸದ್ದಿಲ್ಲ. ಹಿಂಜ್ ಜಾಗದ ಮಡಿಕೆಯನ್ನು ಬೆರಳಲ್ಲಿ ಒತ್ತಿ ಬಗ್ಗಿಸಿದಾಗ ಒಂದು ಪಿನ್ನಿನಲ್ಲಿ ಬೀಪ್ ಕಡಿದು ಕಡಿದು ಬಂತು. ಕಪ್ಪು ಬಟ್ಟೆ ಟೇಪ್ ಸುಲಿದು ಭೂತಗನ್ನಡಿಯಲ್ಲಿ ನೋಡಿದಾಗ ಕಂಡದ್ದು: ನಾಲ್ಕೈದು ತಂತಿಗಳ ಹೊದಿಕೆ ಬಿರುಕುಬಿಟ್ಟಿದೆ, ಒಂದು ಪೂರ್ತಿ ಕಡಿದು ಅದರ ಎರಡು ತುದಿಗಳು ಎದುರುಬದುರು ನಿಂತಿವೆ. ಹಿಂಜ್ ಪಟ್ಟಿಯ ಅಂಚು ಉಜ್ಜಿದ ಗುರುತು ಟೇಪಿನ ಮೇಲೆ ಹೊಳೆಯುತ್ತಿತ್ತು.

ಎನೇಬಲ್ ನಿಧಾನಗತಿಯ ಸಂಕೇತ. ಎನಾಮಲ್ ತಂತಿಯಲ್ಲಿ ಜಂಪರ್ ಹಾಕಿದರೂ, ಅಂದರೆ ಕಡಿದ ಜಾಗವನ್ನು ದಾಟಿಸಿ ಬೆಸೆದರೂ ನಡೆಯುತ್ತದೆ. ಆದರೆ ಪಕ್ಕದ ತಂತಿಗಳು ಬಿರುಕುಬಿಟ್ಟ ಮೇಲೆ ಅದು ತಾತ್ಕಾಲಿಕ ಉಪಚಾರ. ಡೇಟಾ ಜೋಡಿಗಳಿಗಂತೂ ಜಂಪರ್ ಹಾಕುವ ಹಾಗೇ ಇಲ್ಲ, ಪ್ರತಿ ಜೋಡಿಯಲ್ಲಿ ಸೆಕೆಂಡಿಗೆ ಗಿಗಾಬಿಟ್ ಲೆಕ್ಕದಲ್ಲಿ ಡೇಟಾ ಓಡುತ್ತದೆ. ಕೇಬಲ್ ಬದಲಾಯಿಸುವುದೆಂದೇ ನಿರ್ಧಾರವಾಯಿತು.

ಕೊಳ್ಳುವಾಗ

ಕೇಬಲ್ ಕೇಳಲು ಲ್ಯಾಪ್‌ಟಾಪ್ ಮಾದರಿಯ ಹೆಸರು ಸಾಲದು. ಒಂದೇ ಮಾದರಿ ಎಚ್‌ಡಿ, ಫುಲ್ ಎಚ್‌ಡಿ, ಟಚ್ ಎಂದು ಹಲವು ರೂಪದಲ್ಲಿ ಬಂದಿರುತ್ತದೆ. ಕೇಬಲಿನ ಮೇಲಿನ ಚೀಟಿಯಲ್ಲಿ ಡಿಸಿ02, ಡಿಡಿ0, 450 ಅಥವಾ 14005 ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದರ ಫೋಟೊ ತೆಗೆದುಕೊಂಡು, ಸಾಧ್ಯವಾದರೆ ಹಳೆಯ ಕೇಬಲನ್ನೇ ಹಿಡಿದು ಹೋಗಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ; ಹೊರಗಿನವರು ಆನ್‌ಲೈನ್ ತರಿಸುವುದಾದರೆ ಎರಡೂ ತುದಿಯ ಪ್ಲಗ್ಗಿನ ಫೋಟೊವನ್ನು ತಮ್ಮದರ ಪಕ್ಕ ಇಟ್ಟು ಹೋಲಿಸಿ ನೋಡಲಿ.

ಪ್ಯಾನೆಲೇ ಬೇಕಾದವರಿಗೂ ಇದೇ ಸೂತ್ರ. ಹಿಂಬದಿಯ ಚೀಟಿಯ ಮೇಲೆ, ಉದಾಹರಣೆಗೆ, ಎನ್‌ವಿ156ಎಫ್‌ಎಚ್‌ಎಮ್-ಎನ್48 ಎಂದಿದ್ದರೆ ಎನ್‌ವಿ ಎಂದರೆ ಬಿಒಇ ಕಂಪನಿಯದು, 156 ಎಂದರೆ 15.6 ಇಂಚು, ಎಫ್‌ಎಚ್ ಎಂದರೆ ಫುಲ್ ಎಚ್‌ಡಿ. ಬಿ156 ಎಂದಿದ್ದರೆ ಎಯುಒ, ಎಲ್‌ಪಿ156 ಎಂದಿದ್ದರೆ ಎಲ್‌ಜಿ. 30 ಪಿನ್ನೋ 40 ಪಿನ್ನೋ, ಪಕ್ಕದಲ್ಲಿ ಸ್ಕ್ರೂ ಕಿವಿ ಇದೆಯೋ ಇಲ್ಲವೋ, ಅಗಲ ಸುಮಾರು 350 ಮಿಲಿಮೀಟರೋ 360ಓ, ಇವಿಷ್ಟೂ ಹೊಂದಬೇಕು. 40 ಪಿನ್ ಸಾಮಾನ್ಯವಾಗಿ ಟಚ್ ಅಥವಾ 120-144 ಹರ್ಟ್ಸ್ ಪ್ಯಾನೆಲಿಗೆ. 'ಹೇಗೂ ಬದಲಾಯಿಸುತ್ತೇವಲ್ಲ, ಎಚ್‌ಡಿ ಬದಲು ಫುಲ್ ಎಚ್‌ಡಿ ಹಾಕೋಣ' ಎನ್ನುವವರು ತಿಳಿದಿರಬೇಕಾದದ್ದು: 1366×768ಕ್ಕೆ ಡೇಟಾದ ಒಂದು ಜೋಡಿ ಸಾಕು, 1920×1080ಕ್ಕೆ ಎರಡು ಬೇಕು. ಕೆಲವು ಎಚ್‌ಡಿ ಕೇಬಲುಗಳಲ್ಲಿ ಎರಡನೆಯ ಜೋಡಿಯ ತಂತಿಯೇ ಹಾಕಿರುವುದಿಲ್ಲ. ಪ್ಯಾನೆಲ್ ಜೊತೆ ಕೇಬಲಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಮರಳಿ ಜೋಡಿಸುವಾಗ

ಹೊಸ ಕೇಬಲ್ ಹಳೆಯದು ಹೋಗಿದ್ದ ದಾರಿಯಲ್ಲೇ ಹೋಗಬೇಕು. ಹಿಂಜ್ ಪಕ್ಕದಲ್ಲಿ ತುಸು ಸಡಿಲ ಬಿಟ್ಟು, ಅದರ ಎರಡೂ ಬದಿಯಲ್ಲಿ ಕಪ್ಟಾನ್ ಟೇಪಿನಿಂದ ಹಿಡಿಸಿದೆವು. ಸಡಿಲ ಇಲ್ಲದಿದ್ದರೆ ಎಳೆತ, ಹೆಚ್ಚಾದರೆ ಹಿಂಜ್ ಬಾಯಿಗೆ ಸಿಕ್ಕು ನುಜ್ಜುಗುಜ್ಜು. ವೈಫೈ ಆಂಟೆನಾದ ಕಪ್ಪು-ಬಿಳಿ ತಂತಿಗಳೂ ಅಲ್ಲೇ ಹಾಯುತ್ತವೆ, ಅವನ್ನು ಕೇಬಲಿನ ಮೇಲೆ ಅಡ್ಡ ಬೀಳದಂತೆ ಕೂರಿಸಬೇಕು. ಪ್ಯಾನೆಲ್ ಕಡೆಯ ಪ್ಲಗ್ ಎರಡೂ ಬದಿ ಸಮವಾಗಿ ಒಳಗೆ ಹೋಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಟೇಪ್ ಹಚ್ಚಿ, ಮದರ್‌ಬೋರ್ಡ್ ಕಡೆಯದನ್ನು ಹಾಕಿ, ಎಲ್ಲ ಮುಗಿದ ಮೇಲೆ ಬ್ಯಾಟರಿ. ಬ್ಯಾಟರಿ ಯಾವಾಗಲೂ ಕೊನೆಗೆ.

ಬೆಜೆಲ್ ಒತ್ತುವ ಮೊದಲೇ ಆನ್ ಮಾಡಿ ನೋಡಬೇಕು. ಬ್ಯಾಕ್‌ಲೈಟ್ ಹತ್ತಿತು. ಬ್ರೈಟ್‌ನೆಸ್ ತಳದಿಂದ ತುದಿಯವರೆಗೆ ಏರಿಳಿಸಿದರೆ 23ನೇ ಪಿನ್ನಿನ ಪರೀಕ್ಷೆಯಾಗುತ್ತದೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ, ಹಿಂಜನ್ನು ಮುಚ್ಚುವ ಮಟ್ಟದಿಂದ ಪೂರ್ತಿ ಹಿಂದಕ್ಕೆ ನಿಧಾನವಾಗಿ ಆಡಿಸಿ, ಮುಚ್ಚಳ ಮುಚ್ಚಿ ಸ್ಲೀಪಿಗೆ ಕಳಿಸಿ ಎಬ್ಬಿಸಿ, ಕ್ಯಾಮೆರಾ, ಮೈಕ್, ವೈಫೈ ಮೂರನ್ನೂ ನೋಡಿದ ಮೇಲೆ ಬೆಜೆಲ್ ಮುಚ್ಚಿದ್ದು.

ಉಳಿದದ್ದು ಹಿಂಜ್. ಕೇಬಲ್ ಕಡಿದದ್ದಕ್ಕೆ ಮೂಲ ಕಾರಣ ಅದೇ ಆಗಿತ್ತು: ಗ್ರೀಸ್ ಒಣಗಿ ಬಿಗಿಯಾದ ಹಿಂಜ್, ಅದನ್ನು ಹಿಡಿದಿದ್ದ ಒಂದು ಸ್ಕ್ರೂವಿನ ಹಿತ್ತಾಳೆ ನಟ್ ಪ್ಲಾಸ್ಟಿಕ್ಕಿನಿಂದ ಅರ್ಧ ಕಿತ್ತುಬಂದು ಪಟ್ಟಿ ಕೇಬಲ್ ಕಡೆಗೆ ವಾಲಿತ್ತು. ನಟ್ಟನ್ನು ಅದರ ಗುಂಡಿಯಲ್ಲಿ ಎರಡು ಭಾಗದ ಎಪಾಕ್ಸಿಯಿಂದ ಕೂರಿಸಿ ರಾತ್ರಿಯಿಡೀ ಒಣಗಲು ಬಿಟ್ಟೆವು. ಹಿಂಜಿನ ತುದಿಯ ನಟ್ ಕಾಲು ಸುತ್ತು ಸಡಿಲಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಹಳೆ ಗ್ರೀಸ್ ತೆಗೆದು, ಕಡ್ಡಿ ತುದಿಯಷ್ಟು ಹೊಸ ಗ್ರೀಸ್ ಹಚ್ಚಿದೆವು. ಸ್ಕ್ರೀನ್ ಒಂದು ಕೈಯಲ್ಲಿ ತೆರೆಯುವಷ್ಟು ಹಗುರ, ಬಿಟ್ಟ ಕೋನದಲ್ಲಿ ನಿಲ್ಲುವಷ್ಟು ಬಿಗಿ ಇರಬೇಕು. ಸಡಿಲ ಹೆಚ್ಚಾಗಿ ಸ್ಕ್ರೀನ್ ತಾನಾಗಿ ಹಿಂದಕ್ಕೆ ಬೀಳುತ್ತಿದ್ದರೆ ಅದೇ ನಟ್ಟನ್ನು ಎಂಟನೇ ಒಂದು ಸುತ್ತು ಮರಳಿ ಬಿಗಿದರೆ ಸಾಕು.